ಹಸಿರು ಟಿಕ್ ಹಾಕುವ ಮೊದಲು ಇಂಗಿನ ಡಬ್ಬಿ ತಿರುಗಿಸಿ ನೋಡಿ

ಪ್ರಶ್ನೆ: ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮ ತಂದೆಯವರ ದಿನಸಿ ಅಂಗಡಿ ಇದೆ. ನಾನು ಮೂರು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ಅಕ್ಕನ ಮಗನಿಗೆ ಏಳು ವರ್ಷ. ಕಳೆದ ವರ್ಷ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅವನಿಗೆ ಆಗದು, ಗೋಧಿ ಸೇರಿದ್ದನ್ನು ಅವನು ತಿನ್ನುವಂತಿಲ್ಲ. ತಂದೆಗೆ ಸಕ್ಕರೆ ಕಾಯಿಲೆ, ಜೊತೆಗೆ ಮೂತ್ರಪಿಂಡದ ತೊಂದರೆಯೂ ಶುರುವಾಗಿದೆ. ಅಜ್ಜಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಪ್ರತಿ ತಿಂಗಳು ಸಾಮಾನಿನ ಚೀಟಿ ಬರೆಯುವಾಗ ನಮ್ಮ ಮನೆಯಲ್ಲಿ ನಡೆಯುವ ಗೊಂದಲವನ್ನು ನೋಡಿ, ಇಂಥವರಿಗೆಂದೇ ಒಂದು ಆ್ಯಪ್ ಮಾಡಬೇಕೆನಿಸಿದೆ. ನಮ್ಮ ಅಂಗಡಿ ಮತ್ತು ಮೈಸೂರಿನ ಇಬ್ಬರು ಪರಿಚಿತ ವ್ಯಾಪಾರಿಗಳ ಅಂಗಡಿ ಸೇರಿ ಸುಮಾರು 3,000 ಸಾಮಾನುಗಳಿವೆ. ‘ಗ್ಲುಟೆನ್ ರಹಿತ’, ‘ಸಕ್ಕರೆ ರಹಿತ’, ‘ಹಾಲು ರಹಿತ’, ‘ಮೂತ್ರಪಿಂಡಕ್ಕೆ ಒಳ್ಳೆಯದು’, ‘ಈರುಳ್ಳಿ ಬೆಳ್ಳುಳ್ಳಿ ಇಲ್ಲ’ ಎಂಬ ಫಿಲ್ಟರ್‌ಗಳನ್ನು ಇಟ್ಟು, ಹೊಂದುವ ಸಾಮಾನಿಗೆ ಹಸಿರು ಟಿಕ್ ತೋರಿಸುವ ಯೋಚನೆ. ಲೇಬಲ್ ಫೋಟೊ ಕೊಟ್ಟರೆ ಕೃತಕ ಬುದ್ಧಿಮತ್ತೆಯೇ ಎಲ್ಲವನ್ನೂ ವಿಂಗಡಿಸುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇಷ್ಟು ಸಾಕೇ? ಯಾರಿಗಾದರೂ ತೊಂದರೆಯಾದರೆ ಹೊಣೆ ಯಾರದು? ಎಲ್ಲಿಂದ ಆರಂಭಿಸಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ನೀವು ಕೇಳಿರುವುದು ಫಿಲ್ಟರ್‌ಗಳ ಬಗ್ಗೆ. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಸಾಲುಗಳು. ನಿಮ್ಮ ಆ್ಯಪ್ ನಂಬಿ ಯಾರೋ ಒಬ್ಬ ತಾಯಿ ಒಂದು ಪೊಟ್ಟಣ ತರಿಸಿಕೊಂಡು, ಅದರಿಂದ ಮಗುವಿನ ಆರೋಗ್ಯ ಕೆಟ್ಟರೆ ಏನು ಮಾಡುವುದು ಎಂಬ ಅಳುಕು ಅಲ್ಲಿದೆ. ಆ ಅಳುಕು ನಿಮ್ಮೊಳಗೆ ಹಾಗೆಯೇ ಇರಲಿ. ಹದಿನಾಲ್ಕು ವರ್ಷಗಳಿಂದ ಮೈಸೂರಿನಲ್ಲಿ ಕುಳಿತು ದಿನಸಿ ವ್ಯಾಪಾರದ ಆ್ಯಪ್‌ಗಳಿಗೆ ಸಾಮಾನಿನ ಪಟ್ಟಿಯನ್ನೂ ಪರದೆಯ ವಿನ್ಯಾಸವನ್ನೂ ಮಾಡಿಕೊಡುತ್ತಿದ್ದೇನೆ. ಈ ಅಳುಕು ಇಲ್ಲದವರು ಮಾಡಿದ ಆ್ಯಪ್‌ಗಳು ನೋಡಲು ಸೊಗಸಾಗಿದ್ದವು, ಬಳಸಲು ಅಪಾಯಕಾರಿಯಾಗಿದ್ದವು.

ಫಿಲ್ಟರ್ ಬರೆಯುವುದು ನಿಮಗೆ ಒಂದು ವಾರದ ಕೆಲಸ. ಅದಕ್ಕೆ ಉಣಿಸಬೇಕಾದ ಮಾಹಿತಿ ಮಾತ್ರ ನಿಮ್ಮ ಬಳಿ ಇಲ್ಲ. 3,000 ಸಾಮಾನುಗಳಲ್ಲಿ ಬಹಳಷ್ಟಕ್ಕೆ ಅದು ಯಾರ ಬಳಿಯೂ ಇಲ್ಲ. ಹೀಗಿರುವಾಗ ಆ್ಯಪ್ ‘ಗೊತ್ತಿಲ್ಲ’ ಎಂದು ಹೇಳುವುದನ್ನು ಕಲಿಯಬೇಕು. ನನ್ನ ಉಳಿದೆಲ್ಲ ಮಾತೂ ಇದರ ಸುತ್ತಲೇ ಇದೆ.

ಇಂಗಿನಿಂದ ಆರಂಭಿಸೋಣ. ನಿಮ್ಮ ಅಂಗಡಿಯಲ್ಲಿರುವ ಇಂಗಿನ ಡಬ್ಬಿಗಳನ್ನು ತಿರುಗಿಸಿ ನೋಡಿ. ಪೇಟೆಯಲ್ಲಿ ಸಿಗುವ ಇಂಗು ಹೆಚ್ಚಿನ ಪಾಲು ಶುದ್ಧ ಇಂಗಲ್ಲ. ಅಂಟು, ಹಿಟ್ಟು ಬೆರೆಸಿದ ಮಿಶ್ರಣ. ಆ ಹಿಟ್ಟು ಬಹುಮಟ್ಟಿಗೆ ಗೋಧಿಯದು ಅಥವಾ ಮೈದಾ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹುಡುಕಬೇಕು. ಈಗ ಆ ಇಂಗು ಎಲ್ಲೆಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿ: ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ. ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮದ ಪ್ರಕಾರ, ಹಲವು ವಸ್ತು ಸೇರಿ ಆದ ಒಂದು ಮಿಶ್ರಣ ಆಹಾರದಲ್ಲಿ ಶೇ 5ಕ್ಕಿಂತ ಕಡಿಮೆ ಇದ್ದರೆ ಅದರೊಳಗೆ ಏನೇನಿದೆ ಎಂದು ಬಿಡಿಸಿ ಬರೆಯಬೇಕಾಗಿಲ್ಲ. ಆದ್ದರಿಂದ ಹುಳಿಪುಡಿಯ ಪೊಟ್ಟಣದ ಮೇಲೆ ‘ಇಂಗು’ ಎಂದಷ್ಟೇ ಇರುತ್ತದೆ. ಅಲರ್ಜಿಯ ಸಾಲಿನಲ್ಲಿ ಗೋಧಿಯ ಹೆಸರು ಬರಲೇಬೇಕು, ನಿಜ. ಆದರೆ ಮನೆಯಲ್ಲಿ ಪುಡಿ ಮಾಡಿ ಪೊಟ್ಟಣ ಕಟ್ಟಿ ಅಂಗಡಿಗೆ ಕೊಡುವ ಸಣ್ಣ ತಯಾರಕರಿಗೆ ತಾವು ತಂದ ಇಂಗಿನಲ್ಲಿ ಮೈದಾ ಇದೆ ಎನ್ನುವುದೇ ತಿಳಿದಿರುವುದಿಲ್ಲ. ಯಂತ್ರ ಆ ಲೇಬಲ್ಲನ್ನು ಅಕ್ಷರ ಬಿಡದೆ ಓದಿ ‘ಗೋಧಿ ಇಲ್ಲ’ ಎನ್ನುತ್ತದೆ. ಓದಿದ್ದರಲ್ಲಿ ತಪ್ಪಿಲ್ಲ, ತೀರ್ಮಾನ ತಪ್ಪು.

ರಾಗಿಯದು ಇನ್ನೊಂದು ಕಥೆ, ಅದನ್ನು ನಾನು ಅನುಭವದಿಂದಲೇ ಹೇಳಬೇಕು. ಹಿಂದೆ ನಾನು ಕೆಲಸ ಮಾಡಿದ ಒಂದು ಆ್ಯಪ್‌ನಲ್ಲಿ ‘ರಾಗಿಹಿಟ್ಟು’ ಎಂದಿರುವ ಎಲ್ಲ ಸಾಮಾನಿಗೂ ‘ಗ್ಲುಟೆನ್ ರಹಿತ’ ಎಂಬ ಗುರುತು ತಾನಾಗಿ ಬೀಳುವಂತೆ ನಿಯಮ ಬರೆದಿದ್ದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಇದು ಸತ್ಯ. ಕೆಲವು ತಿಂಗಳಾದ ಮೇಲೆ ಮೈಸೂರಿನ ಒಬ್ಬ ತಾಯಿ ಫೋನ್ ಮಾಡಿದರು. ಹಿಟ್ಟು ಬದಲಿಸಿದಾಗಿನಿಂದ ಮಗಳಿಗೆ ಮತ್ತೆ ಹೊಟ್ಟೆನೋವು, ಭೇದಿ. ವಿಚಾರಿಸಿದಾಗ ತಿಳಿದದ್ದು: ಅದು ಬಿಡಿ ಹಿಟ್ಟು, ಗೋಧಿ ಬೀಸುವ ಗಿರಣಿಯಲ್ಲೇ ಬೀಸಿಸಿ ತೂಗಿ ಕಟ್ಟಿದ್ದು. ಆ ತಾಯಿ ಬೈಯಲಿಲ್ಲ. ‘ನೀವು ಬರೆದಿದ್ದಿರಿ, ನಾನು ನಂಬಿದೆ’ ಎಂದಷ್ಟೇ ಹೇಳಿದರು. ಅಂದಿನಿಂದ ನಾನು ಯಾವ ಬಿಡಿ ಸಾಮಾನಿಗೂ ಅಂಥ ಗುರುತು ಹಾಕಿಲ್ಲ.

ಎಷ್ಟು ಗೋಧಿ ಬಿದ್ದರೆ ಕೆಡುತ್ತದೆ ಎಂಬುದನ್ನೂ ತಿಳಿದಿರಿ. ನಮ್ಮ ನಿಯಮದಲ್ಲಿ ‘ಗ್ಲುಟೆನ್ ರಹಿತ’ ಎನ್ನಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ. ಗೋಧಿ ಹಿಟ್ಟಿನ ತೂಕದಲ್ಲಿ ಹತ್ತನೆಯ ಒಂದು ಭಾಗದಷ್ಟು ಗ್ಲುಟೆನ್ ಎಂದಿಟ್ಟುಕೊಂಡರೆ, ಒಂದು ಕಿಲೋ ರಾಗಿಹಿಟ್ಟನ್ನು ಆ ಮಿತಿಗೆ ಮುಟ್ಟಿಸಲು 0.2 ಗ್ರಾಂ ಗೋಧಿ ಹಿಟ್ಟು ಸಾಕು. ಅದು ಒಂದು ಚಿಟಿಕೆ. ಹಿಂದಿನವರ ಗೋಧಿ ಬೀಸಿ ಮುಗಿದ ಮೇಲೆ ಗಿರಣಿಯ ಕಲ್ಲಿನಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಉಳಿಯುವುದು ಅದರ ಎಷ್ಟೋ ಪಟ್ಟು. ನಿಮ್ಮ ಅಂಗಡಿಯಲ್ಲಿ ರವೆಗೂ ಅಕ್ಕಿಹಿಟ್ಟಿಗೂ ಒಂದೇ ಅಳತೆ ಡಬ್ಬ ಬಳಸುತ್ತಿದ್ದರೆ ಅಲ್ಲೂ ಅದೇ ಆಗುತ್ತದೆ. ಇನ್ನೂ ಕಷ್ಟದ ಸಂಗತಿ, ಸೀಲಿಯಾಕ್ ಇರುವ ಎಷ್ಟೋ ಜನರಿಗೆ ಗೋಧಿ ಹೊಟ್ಟೆಗೆ ಹೋದರೂ ಆ ಕ್ಷಣಕ್ಕೆ ಏನೂ ಕಾಣಿಸುವುದಿಲ್ಲ; ಸಣ್ಣಕರುಳಿನ ಒಳಪದರ ಮಾತ್ರ ಸವೆಯುತ್ತಿರುತ್ತದೆ. ಹೀಗಾಗಿ ಗ್ರಾಹಕರಿಂದ ದೂರು ಬಂದಿಲ್ಲ ಎಂಬುದನ್ನು ನಿಮ್ಮ ಮಾಹಿತಿ ಸರಿ ಇರುವುದಕ್ಕೆ ಸಾಕ್ಷಿ ಎಂದು ಎಂದೂ ಎಣಿಸಬೇಡಿ.

ಇನ್ನು ಕೃತಕ ಬುದ್ಧಿಮತ್ತೆ. ಲೇಬಲ್ ಓದಿಸಲು ಧಾರಾಳವಾಗಿ ಬಳಸಿ, ಕೈಯಿಂದ ಬರೆದುಕೊಳ್ಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ತೀರ್ಪು ಕೊಡಲು ಮಾತ್ರ ಬಿಡಬೇಡಿ. ಕನ್ನಡದ ಸಾಮಾನಿನ ಹೆಸರುಗಳಲ್ಲಿ ಯಂತ್ರ ಎಡವುವ ಜಾಗಗಳು ಹೆಜ್ಜೆಗೊಂದು. ಕಡಲೆಕಾಯಿ, ಕಡಲೆಬೀಜ, ಶೇಂಗಾ, ನೆಲಗಡಲೆ ಎಲ್ಲ ಒಂದೇ, ತೀವ್ರ ಅಲರ್ಜಿ ತರಬಲ್ಲದ್ದು. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಬೇರೆ ಧಾನ್ಯ. ‘ಕಡಲೆ’ ಎಂಬ ಪದ ಹುಡುಕುವ ಸರಳ ನಿಯಮ ಬರೆದರೆ ಕಡಲೆಹಿಟ್ಟನ್ನು ಹಿಡಿದು ನೆಲಗಡಲೆಯನ್ನು ಬಿಟ್ಟುಬಿಡುತ್ತದೆ, ಏಕೆಂದರೆ ಸಂಧಿಯಲ್ಲಿ ‘ಕ’ ಹೋಗಿ ‘ಗ’ ಬಂದಿದೆ. ‘ಹಾಲು’ ಹುಡುಕಿದರೆ ಕಾಯಿಹಾಲು ಸಿಕ್ಕಿಬೀಳುತ್ತದೆ, ‘ಬೆಣ್ಣೆ’ ಎಂದರೆ ಬೆಣ್ಣೆಹಣ್ಣು. ರವೆಯಲ್ಲಿ ಇಡ್ಲಿ ರವೆ ಅಕ್ಕಿಯದು, ಚಿರೋಟಿ ರವೆಯೂ ಬನ್ಸಿ ರವೆಯೂ ಗೋಧಿಯವು. ಜವೆಗೋಧಿ ಎಂದರೆ ಬಾರ್ಲಿ. ಅದರಲ್ಲೂ ಗ್ಲುಟೆನ್ ಇದೆ. ಲೇಬಲ್ಲಿನಲ್ಲಿ ಬರಿಯ ‘ಮಾಲ್ಟ್’ ಎಂದಿದ್ದರೆ ಸಾಮಾನ್ಯವಾಗಿ ಬಾರ್ಲಿಯದೇ. ನಮ್ಮ ಕಡೆ ರಾಗಿ ಮಾಲ್ಟ್ ಎಂದರೆ ರಾಗಿಯ ಗಂಜಿಪುಡಿ. ‘ಮಾಲ್ಟ್’ ಕಂಡದ್ದನ್ನೆಲ್ಲ ತಡೆದರೆ ನಿಮ್ಮ ಅಕ್ಕನ ಮಗನ ಬೆಳಗಿನ ಗಂಜಿಯೇ ಹೋಯಿತು. ರಾಗಿ ಮಾಲ್ಟ್‌ಗೆ ವಿನಾಯಿತಿ ಕೊಟ್ಟರೆ, ರುಚಿಗೆಂದು ಬಾರ್ಲಿಯನ್ನೋ ಗೋಧಿಯನ್ನೋ ಬೆರೆಸಿದ ಪೊಟ್ಟಣ ನುಸುಳಿತು. ಇಲ್ಲಿ ಮನುಷ್ಯರೇ ಕುಳಿತು ನೋಡಬೇಕು. ಆ ಮನುಷ್ಯ ಈ ಸಾಮಾನನ್ನು ಅಡುಗೆಯಲ್ಲಿ ಬಳಸಿದವನಾಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ತಾಯಿ, ಅಕ್ಕ ಒಂದು ದಿನದಲ್ಲಿ ಬರೆದುಕೊಡುವ ಇಂಥ ಪದಗಳ ಪಟ್ಟಿ, ದುಡ್ಡು ಕೊಟ್ಟು ತರುವ ಯಾವ ಮಾಹಿತಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಲೇಬಲ್ಲಿಗೂ ಮಿತಿಗಳಿವೆ. 2020ರ ಲೇಬಲ್ ನಿಯಮ ಅಲರ್ಜಿ ತರುವ ಎಂಟು ಗುಂಪುಗಳನ್ನು ಸ್ಪಷ್ಟವಾಗಿ ಘೋಷಿಸಲು ಹೇಳುತ್ತದೆ: ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಯಂಥ ಚಿಪ್ಪುಜೀವಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜ, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಎಂಬ ಸಂರಕ್ಷಕ. ಎಳ್ಳು ಈ ಪಟ್ಟಿಯಲ್ಲಿಲ್ಲ, ಸಾಸಿವೆಯೂ ಇಲ್ಲ. ಎಳ್ಳಿನ ಅಲರ್ಜಿ ಇರುವವರಿಗೆ ಪುಳಿಯೋಗರೆ ಪೊಟ್ಟಣದ ಅಲರ್ಜಿ ಸಾಲಿನಿಂದ ಪ್ರಯೋಜನವಿಲ್ಲ, ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು. ಜೊತೆಗೆ, ನಿಮ್ಮ ಅಂಗಡಿಯ ಮುಂದೆ ತೋರಣದಂತೆ ತೂಗುವ ಐದು ರೂಪಾಯಿ ಪೊಟ್ಟಣಗಳನ್ನು ನೋಡಿ. ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಕಡ್ಡಾಯವಲ್ಲ. ಅವು ಬಂದ ದೊಡ್ಡ ಪೆಟ್ಟಿಗೆಯ ಮೇಲೆ ಇದ್ದರೆ ಸಾಕು. ನಾವು ಆ ಪೆಟ್ಟಿಗೆಯನ್ನು ಹರಿದು ರದ್ದಿಗೆ ಹಾಕುತ್ತೇವೆ. ಇನ್ನು ಮುಂದೆ ಹರಿಯುವ ಮೊದಲು ಅದರ ಒಂದು ಫೋಟೊ ತೆಗೆಯಿರಿ.

ನಿಮ್ಮ ತಂದೆಯವರ ವಿಷಯ ಇದಕ್ಕಿಂತ ಸೂಕ್ಷ್ಮ. ‘ಮೂತ್ರಪಿಂಡಕ್ಕೆ ಒಳ್ಳೆಯದು’ ಎಂಬ ಫಿಲ್ಟರನ್ನು ದಯವಿಟ್ಟು ಕೈಬಿಡಿ. ರಕ್ತದೊತ್ತಡ ಇರುವವರಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡ ದುರ್ಬಲವಾದವರಲ್ಲಿ ಪೊಟ್ಯಾಸಿಯಂ ದೇಹದಿಂದ ಸರಿಯಾಗಿ ಹೊರಹೋಗದೆ ಹೃದಯದ ಬಡಿತಕ್ಕೇ ಕುತ್ತು ಬರಬಹುದು. ಒಬ್ಬರಿಗೆ ಹಿತವಾದದ್ದು ಅದೇ ಮನೆಯ ಇನ್ನೊಬ್ಬರಿಗೆ ವಿಷವಾಗುವುದು ಹೀಗೆ. ಮದ್ದೂರಿನ ಎಳನೀರನ್ನು ನಾವೆಲ್ಲ ಅಮೃತವೆಂದೇ ಕುಡಿಯುತ್ತೇವೆ. ಅದರಲ್ಲೂ ಪೊಟ್ಯಾಸಿಯಂ ಧಾರಾಳ. ಆದರೆ ನಮ್ಮ ಪೊಟ್ಟಣಗಳ ಪೋಷಕಾಂಶದ ಪಟ್ಟಿಯಲ್ಲಿ ಸೋಡಿಯಂ ಕಡ್ಡಾಯ, ಪೊಟ್ಯಾಸಿಯಂ ಕಡ್ಡಾಯವಲ್ಲ. ಲೇಬಲ್ಲೇ ಹೇಳದ್ದನ್ನು ನಿಮ್ಮ ಫಿಲ್ಟರ್ ಎಲ್ಲಿಂದ ತರುತ್ತದೆ? ಅದರ ಮೇಲೆ, ಯಾರಿಗೆ ಎಷ್ಟು ಎಂಬುದು ಅವರವರ ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಬೇಕಾದದ್ದು. ಆ್ಯಪ್ ಮಾಡಬಹುದಾದದ್ದು ಒಂದೇ: ಆ ಉಪ್ಪಿನ ಪುಟದಲ್ಲಿ ‘ಇದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇದೆ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದು.

‘ಸಕ್ಕರೆ ರಹಿತ’ವೂ ಹಾಗೆಯೇ ದಾರಿ ತಪ್ಪಿಸುತ್ತದೆ. ಬೆಲ್ಲದ ಸೀಮೆಯವರಾದ ನಮಗೆ ಬೆಲ್ಲವಾದರೆ ಪರವಾಗಿಲ್ಲ ಎಂಬ ನಂಬಿಕೆ ಬಲವಾಗಿದೆ. ಆಲೆಮನೆಯ ಬೆಲ್ಲವೂ ಕಬ್ಬಿನ ಸಕ್ಕರೆಯೇ. ರಕ್ತದ ಸಕ್ಕರೆ ಏರಿಸುವುದರಲ್ಲಿ ಅದು ಹಿಂದೆ ಬೀಳುವುದಿಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂಬ ಬಿಸ್ಕತ್ತಿನಲ್ಲಿ ಮೈದಾ, ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ತುಂಬಿರಬಹುದು. ಟಿಕ್ ಬದಲು ಸಂಖ್ಯೆಯನ್ನೇ ತೋರಿಸಿ: 100 ಗ್ರಾಂನಲ್ಲಿ ಇಷ್ಟು ಕಾರ್ಬೊಹೈಡ್ರೇಟ್, ಅದರಲ್ಲಿ ಇಷ್ಟು ಸಕ್ಕರೆ. ಹಾಲಿನ ಫಿಲ್ಟರನ್ನಂತೂ ಎರಡಾಗಿ ಒಡೆಯಲೇಬೇಕು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದವರು ಲ್ಯಾಕ್ಟೋಸ್ ತೆಗೆದ ಹಾಲು ಕುಡಿಯಬಹುದು. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಗುವಿಗೆ ಅದೇ ಹಾಲು ಕೊಟ್ಟರೆ ಆಸ್ಪತ್ರೆಗೆ ಓಡಬೇಕಾದೀತು.

ಹಸಿರು ಟಿಕ್ ಏಕೆ ಬೇಡ ಎಂಬುದಕ್ಕೆ ಇನ್ನೊಂದು ಕಾರಣ ನಮ್ಮ ದೇಶದ್ದೇ. ಇಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆಗೆ ಆಗಲೇ ಒಂದು ಅರ್ಥವಿದೆ, ಸಸ್ಯಾಹಾರ ಎಂದು. ನಿಮ್ಮ ಹಸಿರು ಗುರುತನ್ನು ಅಜ್ಜಿ ಹಾಗೆಯೇ ಓದುತ್ತಾರೆ. ಸಸ್ಯಾಹಾರದ ಚುಕ್ಕೆಯನ್ನು ಅಕ್ಕನ ಮನೆಯವರು ಸುರಕ್ಷಿತ ಎಂದು ಓದಬಹುದು. ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ಇದ್ದಾರೆ. ಅವರಿಗಾಗಿಯೇ ಮಾಂಸಾಹಾರದ ಗುರುತನ್ನು ಕಂದು ವೃತ್ತದಿಂದ ತ್ರಿಕೋನಕ್ಕೆ ಬದಲಿಸಲಾಯಿತು. ನೀವು ಬಣ್ಣ ಬಿಟ್ಟು ಪದ ಬಳಸಿ. ಮೂರೇ ಸಾಕು: ‘ಗೋಧಿ ಇದೆ’, ‘ಲೇಬಲ್‌ನಲ್ಲಿ ಗೋಧಿ ಇಲ್ಲ’, ‘ಗೊತ್ತಿಲ್ಲ’. ಎರಡನೆಯದರ ಪಕ್ಕದಲ್ಲಿ ಲೇಬಲ್ ನೋಡಿದ ದಿನಾಂಕ ಮತ್ತು ಅದರ ಫೋಟೊ ಇರಲಿ, ಬೆರಳಿಟ್ಟರೆ ದೊಡ್ಡದಾಗಲಿ. ತಯಾರಕರು ಪದಾರ್ಥ ಬದಲಿಸಿದರೂ ಬಾರ್‌ಕೋಡ್ ಅದೇ ಇರಬಹುದು. ದಿನಾಂಕವಿಲ್ಲದ ಮಾಹಿತಿಯನ್ನು ನಂಬುವಂತಿಲ್ಲ. ‘ಇರಬಹುದು’ ಎಂಬ ಎಚ್ಚರಿಕೆಯ ಸಾಲು ಲೇಬಲ್ಲಿನಲ್ಲಿದ್ದರೆ ಅದನ್ನು ‘ಇದೆ’ ಗುಂಪಿಗೇ ಸೇರಿಸಿ.

ಹೊಂದದ ಸಾಮಾನನ್ನು ಪರದೆಯಿಂದ ಮರೆಮಾಡಬೇಡಿ ಎಂಬುದು ನನ್ನ ಸಲಹೆ. ಒಬ್ಬರಿಗಾಗಿ ಗೋಧಿ ಹಿಟ್ಟನ್ನೇ ಮಾಯ ಮಾಡಿದರೆ ಮನೆಯ ಉಳಿದವರಿಗೆ ಚಪಾತಿ ಇಲ್ಲ, ಮರುದಿನ ಅವರು ಫಿಲ್ಟರ್ ತೆಗೆದೇ ಬಿಡುತ್ತಾರೆ. ನಮ್ಮಲ್ಲಿ ಚೀಟಿ ಇಡೀ ಮನೆಯದು. ಬುಟ್ಟಿಗೆ ಹಾಕುವಾಗ ‘ಇದು ಯಾರಿಗೆ?’ ಎಂದು ಕೇಳಿ, ಅವರ ಹೆಸರಿಗೆ ಹೊಂದದಿದ್ದರೆ ಅಲ್ಲೇ ತಡೆಯಿರಿ. ಹೆಸರು ಸೇರಿಸುವಾಗ ಕಾಯಿಲೆಯ ಪಟ್ಟಿ ಮುಂದಿಡುವ ಬದಲು ‘ತಪ್ಪಿ ತಿಂದರೆ ಏನಾಗುತ್ತದೆ?’ ಎಂದು ಕೇಳುವುದು ಹೆಚ್ಚು ಫಲಕಾರಿ. ಉಸಿರು ಕಟ್ಟುತ್ತದೆಯೇ, ಹೊಟ್ಟೆ ಕೆಡುತ್ತದೆಯೇ, ವ್ರತ ಕೆಡುತ್ತದೆಯೇ? ವ್ರತವನ್ನು ‘ಇಷ್ಟಾನಿಷ್ಟ’ದ ಪೆಟ್ಟಿಗೆಗೆ ಹಾಕಬೇಡಿ. ಅಜ್ಜಿಗೆ ಅದು ಇಷ್ಟದ ಮಾತಲ್ಲ. ಚಾತುರ್ಮಾಸ್ಯ ಹಿಡಿಯುವ ಮಾಧ್ವ ಮನೆಗಳಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಇಲ್ಲ. ತಿಂಗಳಿಗೊಮ್ಮೆ ಬದಲಾಗುವ ನಿಷೇಧವನ್ನು ಹೊರಗಿನಿಂದ ಬಂದ ಯಾವ ಆ್ಯಪ್ ಹಿಡಿದಿಟ್ಟೀತು? ಮೈಸೂರಿನ ಅಗ್ರಹಾರದಲ್ಲಿ ಇದೊಂದಕ್ಕೇ ನಿಮಗೆ ಗ್ರಾಹಕರು ಸಿಗುತ್ತಾರೆ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. 3,000 ಸಾಮಾನಿಗೂ ಯಂತ್ರದಿಂದ ಗುರುತು ಹಾಕಿಸುವುದು ಮೊದಲನೆಯದು. ಬೇಗ ಆಗುತ್ತದೆ, ಆದರೆ ಇಂಗಿನಂಥ ತಪ್ಪುಗಳು ನೂರಾರು ಉಳಿಯುತ್ತವೆ. 2012ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ಓಪನ್ ಫುಡ್ ಫ್ಯಾಕ್ಟ್ಸ್‌ನಂಥ, ಆಹಾರದ ಲೇಬಲ್ ವಿವರಗಳ ಮುಕ್ತ ಭಂಡಾರದಿಂದ ಮಾಹಿತಿ ತರುವುದು ಇನ್ನೊಂದು. ಸ್ವಯಂಸೇವಕರ ಶ್ರಮಕ್ಕೆ ನನ್ನ ಗೌರವವಿದೆ, ಆದರೆ ಮಂಡ್ಯದ ಮನೆತಿಂಡಿ ಪೊಟ್ಟಣಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಮೂರನೆಯದು, ಯಾವ ತೀರ್ಪನ್ನೂ ಕೊಡದೆ ಸ್ಪಷ್ಟವಾದ ಲೇಬಲ್ ಫೋಟೊ ಮಾತ್ರ ತೋರಿಸುವುದು. ಮಂಕಾಗಿ ಕಂಡರೂ ಇದು ಪ್ರಾಮಾಣಿಕ ದಾರಿ. ನಾನಾಗಿದ್ದರೆ ಎಲ್ಲ ಸಾಮಾನಿಗೂ ಈ ಮೂರನೆಯದನ್ನು ಮಾಡಿ, ಅದರ ಮೇಲೆ 200 ಸಾಮಾನನ್ನು ಮಾತ್ರ ಕೈಯಾರೆ ಪರಿಶೀಲಿಸಿ ಮೂರು ಪದಗಳ ಗುರುತು ಹಾಕುತ್ತಿದ್ದೆ. ಉಳಿದ 2,800 ‘ಗೊತ್ತಿಲ್ಲ’ ಎಂದೇ ನಿಲ್ಲಲಿ. ನೋಡುವವರಿಗೆ ಆ್ಯಪ್ ಬಡವಾಗಿ ಕಾಣುತ್ತದೆ ಎಂಬ ಸಂಕೋಚ ಬೇಡ. ಎರಡು ನೂರು ನಂಬಬಹುದಾದ ಸಾಮಾನು ಒಂದೆಡೆ ಸಿಕ್ಕರೆ ನಿಮ್ಮ ಅಕ್ಕನಂಥವರಿಗೆ ತಿಂಗಳ ಅಡುಗೆ ನಡೆಯುತ್ತದೆ.

ಪರದೆಯನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಕೊನೆಯ ತಪ್ಪು ಆಗುವುದು ಸಾಮಾನು ಕಟ್ಟುವ ಮೇಜಿನ ಮೇಲೆ. ಕೇಳಿದ ಇಂಗು ಖಾಲಿ, ಹುಡುಗ ಒಳ್ಳೆಯ ಮನಸ್ಸಿನಿಂದಲೇ ಬೇರೆ ಡಬ್ಬಿ ಹಾಕುತ್ತಾನೆ. ಆದ್ದರಿಂದ ನಿರ್ಬಂಧ ಇರುವವರ ಚೀಟಿಯಲ್ಲಿ ಬದಲಿ ಸಾಮಾನು ಬೇಡ ಎಂಬುದೇ ಮೂಲ ನಿಯಮವಾಗಿರಲಿ. ‘ಇದೇ ಬೇಕು, ಇಲ್ಲದಿದ್ದರೆ ಬಿಡಿ’ ಎಂದು ಆ ಸಾಲಿನ ಎದುರು ಕನ್ನಡದಲ್ಲಿ ಮುದ್ರಿಸಿ. ಕಟ್ಟುವಾಗ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಚೀಟಿಯದಕ್ಕೆ ತಾಳೆಯಾದರೆ ಮಾತ್ರ ಚೀಲಕ್ಕೆ ಹೋಗಲಿ. ಇಡೀ ಆ್ಯಪ್‌ನಲ್ಲಿ ಅತಿ ಹೆಚ್ಚು ಜನರನ್ನು ಕಾಪಾಡುವ ಭಾಗ ಇದು.

ಮನೆಯವರ ಕಾಯಿಲೆಯ ವಿವರವನ್ನು ಆದಷ್ಟು ಅವರ ಮೊಬೈಲಿನಲ್ಲೇ ಇಡಿ, ನಿಮ್ಮ ಸರ್ವರ್‌ಗೆ ತರಬೇಡಿ. ಯಾರ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಅಂಗಡಿಯ ಹುಡುಗರಿಗೆ ತಿಳಿಯಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸ್ಪಷ್ಟ ಒಪ್ಪಿಗೆ ಕೇಳುತ್ತದೆ. ಹಣ ಕೊಟ್ಟ ಕಂಪನಿಯ ಸಾಮಾನನ್ನು ಮೇಲಕ್ಕೆ ತರುವ ಆಸೆಗೆ ಈ ಆ್ಯಪ್‌ನಲ್ಲಿ ಜಾಗ ಕೊಡಬೇಡಿ.

ಹೊಣೆಯ ಮಾತು. ಆನ್‌ಲೈನ್‌ನಲ್ಲಿ ಆಹಾರ ಮಾರುವವರಿಗೂ ಆಹಾರ ಸುರಕ್ಷತಾ ಪರವಾನಗಿ ಬೇಕು. ಲೇಬಲ್ಲಿನ ಕಡ್ಡಾಯ ವಿವರಗಳನ್ನು ಮಾರುವ ಮೊದಲೇ ಗ್ರಾಹಕರಿಗೆ ತೋರಿಸಬೇಕು. ಫೋಟೊಗಳನ್ನು ಸರಿಯಾಗಿ ಇಟ್ಟರೆ ಈ ಎರಡನೆಯದರಲ್ಲಿ ಬಹುಪಾಲು ನೆರವೇರುತ್ತದೆ. ಆದರೆ ತಯಾರಕರು ಹೇಳದ ‘ಗ್ಲುಟೆನ್ ರಹಿತ’ವನ್ನು ನೀವು ಹೇಳಿದ ಕ್ಷಣ ಆ ಮಾತು ನಿಮ್ಮದಾಗುತ್ತದೆ. ‘ನಾವು ಜವಾಬ್ದಾರರಲ್ಲ’ ಎಂದು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಅದರಿಂದ ಪಾರಾಗಲು ನೋಡಬೇಡಿ. ಆ್ಯಪ್ ಬಿಡುಗಡೆ ಮಾಡುವ ಮೊದಲು ಮಂಡ್ಯದಲ್ಲೇ ಒಬ್ಬ ವಕೀಲರಿಗೆ ನಿಮ್ಮ ಪುಟಗಳನ್ನು ತೋರಿಸಿ. ತಪ್ಪು ಕಂಡರೆ ಗ್ರಾಹಕರು ಕರೆ ಮಾಡಲು ಒಂದು ಸಂಖ್ಯೆ ಎದ್ದು ಕಾಣುವಂತೆ ಇರಲಿ. ಕರೆ ಬಂದ ಕೂಡಲೇ ಆ ಸಾಮಾನು ‘ಗೊತ್ತಿಲ್ಲ’ಕ್ಕೆ ಇಳಿಯಲಿ, ಈ ಹಿಂದೆ ಅದನ್ನು ಕೊಂಡವರಿಗೆಲ್ಲ ಅದೇ ದಿನ ಸಂದೇಶ ಹೋಗಲಿ.

ಎಲ್ಲಿಂದ ಆರಂಭಿಸಲಿ ಎಂದಿರಿ. ಕಂಪ್ಯೂಟರ್ ತೆರೆಯುವ ಮೊದಲು ಒಂದು ಸಂಜೆ ನಿಮ್ಮ ಅಕ್ಕನನ್ನು ಅಂಗಡಿಗೆ ಕರೆಯಿರಿ. ಮಗನಿಗಾಗಿ ಒಂದು ತಿಂಗಳ ಸಾಮಾನು ಆರಿಸಲು ಹೇಳಿ, ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಯಾವ ಪೊಟ್ಟಣವನ್ನು ನೋಡದೆಯೇ ಚೀಲಕ್ಕೆ ಹಾಕುತ್ತಾರೆ, ಯಾವುದನ್ನು ತಿರುಗಿಸಿ ಓದುತ್ತಾರೆ, ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಕಪಾಟಿನಲ್ಲಿ ಇಡುತ್ತಾರೆ ಎಂದು ಬರೆದುಕೊಳ್ಳಿ. ಹಾಗೆ ಮತ್ತೆ ಕಪಾಟಿಗೆ ಹೋದ ಪೊಟ್ಟಣಗಳೇ ನಿಮ್ಮ ಇನ್ನೂರರಲ್ಲಿ ಮೊದಲು ಪರಿಶೀಲಿಸಬೇಕಾದವು.